ಕರಡಿಗೆ ಹುತ್ತ ಒಡೆಯಲು ಕಲಿಸಿದ್ದು

ನನ್ನ ಅತ್ತೆ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ನೋಡಿರಲಿಲ್ಲ. ನಿದ್ದೆಯಲ್ಲೂ ಆಕೆ ಯಾರೊಂದಿಗೋ ವಾದ ಮಾಡಿ ಗೆಲ್ಲುತ್ತಿದ್ದಳು. ನಾನೇನೂ ಕಡಿಮೆಯವಳಲ್ಲ. ಗೋಗಿಯಲ್ಲಿ ನನ್ನ ತವರಿನವರು, ಈ ಹುಡುಗಿಯನ್ನು ಕೊಡುವ ಮನೆಗೆ ರೇಡಿಯೋ ಬೇರೆ ಕೊಡಬೇಕಾಗಿಲ್ಲ ಎಂದು ನಗಾಡುತ್ತಲೇ ಮದುವೆ ಮಾಡಿಕೊಟ್ಟಿದ್ದರು. ನಮ್ಮಿಬ್ಬರ ನಡುವೆ ಸಿಕ್ಕಿಬಿದ್ದ ನನ್ನ ಗಂಡ ಅರಣ್ಯ ಇಲಾಖೆಯಲ್ಲಿ ಗಾರ್ಡು. ದಿನವಿಡೀ ಗುಡ್ಡದಲ್ಲಿ ಅಲೆಯುವ ನೌಕರಿ ಸಿಕ್ಕದ್ದು ತನ್ನ ಹಿಂದಿನ ಜನ್ಮದ ಪುಣ್ಯ ಎಂದು ಎಲ್ಲರೆದುರೂ ಹೇಳುತ್ತಿದ್ದ.

ಇಂಥ ಮನೆಗೆ ಒಂದು ದಿನ ಜೀಪಿನಲ್ಲಿ ಒಬ್ಬ ಡಾಕ್ಟರು ಬಂದರು. ದನದ ಡಾಕ್ಟರಲ್ಲ, ಕಾಡುಪ್ರಾಣಿಗಳ ಡಾಕ್ಟರು, ಮೈಸೂರು ಕಡೆಯವರು. ಬಂದವರೇ ಅಂಗಳದಲ್ಲಿ ನಿಂತು, "ಇವತ್ತಿಂದ ಈ ಕಾಂಪೌಂಡ್ ಒಳಗೆ ಯಾರೂ ಒಂದು ಮಾತೂ ಆಡ್ಬಾರ್ದು" ಎಂದರು.

ಅತ್ತೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಉಸುರರ ಆಡಬೌದೇನ್ರಿ? ಇಲ್ಲ ಅದಕ್ಕೂ ನಿಮ್ಮನ್ನ ಕೇಳಬೇಕೋ?"

"ಯಾಕಮ್ಮಾ, ಜಗಳಕ್ಕೆ ಬರ್ತೀರಾ?" ಡಾಕ್ಟರು ಗಾಬರಿಯಾದರು.

"ಜಗಳ ಅಲ್ರಿ ಸಾಹೇಬ್ರ, ನಮ್ಮವ್ವ ಬರೇ ಕೇಳಾಕತ್ತಾಳ್ರಿ" ಎಂದು ನನ್ನ ಗಂಡ ಅಡ್ಡ ಬಂದ. ಜಗಳಕ್ಕೆ ನಿಂತರೆ ಆಕೆ ಹೇಗಿರುತ್ತಾಳೆ ಎಂದು ಅವರಿಗೆ ಪಾಪ ಗೊತ್ತಿರಲಿಲ್ಲ.

ಡಾಕ್ಟರು ಬಂದದ್ದು ಎರಡು ಕರಡಿ ಮರಿಗಳಿಗಾಗಿ. ಆಗ ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟ ಹೊಸತು. ಜೋಳ, ತೊಗರಿ ಬಿಟ್ಟು ಬೇರೇನನ್ನೂ ಕಾಣದಿದ್ದ ಶಹಾಪುರದ ಕರಿ ಹೊಲಗಳಲ್ಲಿ ಭತ್ತ ಹಸಿರಾಗಿ ನಿಂತಿತ್ತು; ಜನ ಅದನ್ನು ನೋಡಲೆಂದೇ ನೆಂಟರನ್ನು ಕರೆಸಿಕೊಳ್ಳುತ್ತಿದ್ದರು. ಆದರೆ ಕಾಲುವೆ ಗುಡ್ಡದ ಬುಡವನ್ನೇ ಹಿಡಿದು ಹಾದುಹೋಗಿತ್ತು. ಎರಡೂ ಬದಿ ಇಳಿಜಾರು ಸಿಮೆಂಟು. ನೀರಿಗೆಂದು ಇಳಿದ ಪ್ರಾಣಿ ಮೇಲೆ ಹತ್ತಲಾರದು. ಮೊದಲೆಲ್ಲ ಕಟ್ಟಿಗೆ ಕಳ್ಳರನ್ನು ಹಿಡಿಯುತ್ತಿದ್ದ ನನ್ನ ಗಂಡನಿಗೆ ಈಗ ಆಡು, ನಾಯಿ, ಒಮ್ಮೆ ಒಬ್ಬ ಕುಡಿದ ಬೀಗನನ್ನೂ ಕಾಲುವೆಯಿಂದ ಎಳೆಯುವುದೇ ಕೆಲಸವಾಗಿತ್ತು. ಯುಗಾದಿಯ ಆಚೀಚೆ ಒಂದು ಮುಂಜಾನೆ ಆತ ಬರಿಮೈಯಲ್ಲಿ ಮನೆಗೆ ಬಂದ. ಅಂಗಿ ಗಂಟು ಕಟ್ಟಿ ಎದೆಗೆ ಅವಚಿಕೊಂಡಿದ್ದ. ಗಂಟಿನೊಳಗೆ ಎರಡು ಕರಿ ಮೂತಿಗಳು ಕುಂಯ್‌ಗುಡುತ್ತಿದ್ದವು. ತಾಯಿ ಕಾಲುವೆಯಲ್ಲಿ ತೇಲುತ್ತಿತ್ತಂತೆ. ಇವೆರಡೂ ದಂಡೆಯ ಜಾಲಿ ಗಿಡ ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದವಂತೆ. ಅದನ್ನು ಹೇಳಿ ಮುಗಿಸುವವರೆಗೆ ಆತ ಗಂಟನ್ನು ನೆಲಕ್ಕಿಳಿಸಲೇ ಇಲ್ಲ. ನಾನು ಬೈಯಬೇಕೆಂದು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ.

ನಮ್ಮ ಕ್ವಾರ್ಟರ್ಸ್ ಇದ್ದದ್ದು ರಂಗಂಪೇಟೆಯಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ, ಗುಡ್ಡದ ಬುಡಕ್ಕೆ. ಅದರ ಪಕ್ಕ ಕಾಲುವೆಯವರು ಬಂಡೆ ಒಡೆಯುವ ಮದ್ದು ಇಡಲು ಕಟ್ಟಿಸಿದ್ದ ಒಂದು ಕಲ್ಲಿನ ಕೋಣೆ, ಮುಂದೆ ದೊಡ್ಡ ಬಯಲು, ಸುತ್ತ ತಂತಿ ಬೇಲಿ. ಕೆಲಸ ಮುಗಿಸಿ ಅವರು ಹೋದಮೇಲೆ ಅದು ಹಾಳು ಬಿದ್ದಿತ್ತು. ಡಾಕ್ಟರು ಆ ಮದ್ದಿನ ಮನೆಯನ್ನು ನೋಡಿ ಖುಷಿಪಟ್ಟು, ಮರಿಗಳು ಇಲ್ಲೇ ಬೆಳೆಯಲಿ ಎಂದರು. ನಂತರ ಒಂದೊಂದಾಗಿ ಕಾನೂನು ಹೇಳಿದರು: ಮಾತಾಡಿಸಬಾರದು, ಹೆಸರಿಡಬಾರದು, ಮುಖ ತೋರಿಸಬಾರದು, ಮುದ್ದು ಮಾಡಬಾರದು. ಮನುಷ್ಯರೆಂದರೆ ಅನ್ನ ಎಂದು ಕಲಿತ ಕರಡಿ ಊರೊಳಗೆ ಬರುತ್ತದೆ, ಬಂದರೆ ಜನ ಬಡಿಗೆ ಹಿಡಿಯುತ್ತಾರೆ ಎಂದರು.

"ಮುಂದಿನ ವರ್ಷ ಮಳೆ ಹಿಡಿದಾಗ ಬಂದು ನೋಡ್ತೀನಿ. ತಾವೇ ಅಗೆದು ತಿನ್ಬೇಕು, ಜನರನ್ನ ಕಂಡ್ರೆ ಓಡ್ಬೇಕು. ಇಲ್ಲ ಅಂದ್ರೆ ಝೂಗೆ ಕಳಿಸೋದೊಂದೇ ದಾರಿ. ಅಲ್ಲಿಗೆ ಹೋದ್ರೆ ಸಾಯೋತನಕ ಪಂಜರ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕಣ್ಣೀರು ಅದರ ಹಿಂದೆಯೇ. ಆ ಎರಡು ಜೀವಗಳು ಸರಳಿನ ಹಿಂದೆ ನಿಂತು ಬಂದವರಿಗೆಲ್ಲ ಕೈ ಚಾಚುವುದನ್ನು ನೆನೆದಾಗ ಸಿಟ್ಟೂ ಕಣ್ಣೀರೂ ಒಟ್ಟಿಗೇ ಬಂದವು. ಹೇಗಾದರೂ ಮಾಡಿ ಇವನ್ನು ಗುಡ್ಡ ಹತ್ತಿಸಿಯೇ ತೀರಬೇಕೆಂದು ಅಂದೇ ಮನಸ್ಸಿನಲ್ಲಿ ಹಟ ಹಿಡಿದೆ.

ಮರಿಗಳಲ್ಲಿ ಒಂದು ಹೆಣ್ಣು, ಒಂದು ಗಂಡು. ಹೆಸರಿಡಬಾರದೆಂದಿದ್ದಕ್ಕೆ ಅತ್ತೆ ಹೆಸರಿಡಲಿಲ್ಲ. ದೊಡ್ಡಾಕಿ, ಸಣ್ಣಾವ ಎಂದು ಮಾತ್ರ ಕರೆದಳು. ಇದು ಹೆಸರಲ್ಲವೇ ಎಂದು ನನ್ನ ಗಂಡ ಕೇಳಿದರೆ, "ಹೆಸರಲ್ಲೋ, ಗುರ್ತು" ಎಂದಳು. ದೊಡ್ಡಾಕಿ ಎಲ್ಲಕ್ಕೂ ಮುಂದು. ಸಣ್ಣಾವನಿಗೆ ತನ್ನ ನೆರಳನ್ನು ಕಂಡರೂ ಅಂಜಿಕೆ. ಮೊದಲೆರಡು ದಿನ ಎರಡೂ ಏನನ್ನೂ ಮುಟ್ಟದೆ ಅತ್ತವು. ಆಮೇಲೆ ದೊಡ್ಡಾಕಿ ಬಿಸಿಲಿಗೆ ಹಾಕಿದ್ದ ಅತ್ತೆಯ ಕರಿ ಕಂಬಳಿಯನ್ನು ಕಂಡು ಓಡಿಹೋಗಿ ಅದಕ್ಕೆ ಜೋತುಬಿದ್ದಳು. ಸಣ್ಣಾವನೂ ಹಿಂದೆಯೇ ಹೋದ. ಕರಡಿ ಮರಿಗಳು ತಾಯಿಯ ಬೆನ್ನ ಕೂದಲು ಹಿಡಿದು ಸವಾರಿ ಮಾಡುತ್ತವಂತೆ. ಕಂಬಳಿಯಲ್ಲಿ ಅವಕ್ಕೆ ಅವ್ವ ಕಂಡಿದ್ದಳು. ಆ ಎರಡು ದಿನ ಅಲ್ಲೇ ಉಳಿದಿದ್ದ ಡಾಕ್ಟರು ಕೈ ತಟ್ಟಿ, ಇದನ್ನೇ ಹೊದ್ದುಕೊಂಡು ಯಾರಾದರೂ ನಾಲ್ಕು ಕಾಲಲ್ಲಿ ನಡೆಯಿರಿ ಎಂದು ಹೇಳಿ ಜೀಪು ಹತ್ತಿದರು.

ನನ್ನ ಗಂಡ ಒಮ್ಮೆ ಬಗ್ಗಿ ಪ್ರಯತ್ನಿಸಿದ. ಮತ್ತೆ ನೆಟ್ಟಗಾಗಲು ಆತನಿಗೆ ಇಬ್ಬರ ಸಹಾಯ ಬೇಕಾಯಿತು. ಹೀಗೆ ತಾಯ್ತನ ನನ್ನ ಪಾಲಿಗೆ ಬಂತು.

ಕಂಬಳಿ ಜಾರದಂತೆ ಹೊಲಿಸಬೇಕಿತ್ತು. ರಂಗಂಪೇಟೆಯ ದರ್ಜಿ ಚಾಚಾನ ಬಳಿ ಒಯ್ದೆ. ಮುಖ, ಕೈ, ಬೆನ್ನು ಎಲ್ಲ ಮುಚ್ಚಬೇಕು, ಮಂಡಿಗೆ ದಪ್ಪ ಅಸ್ತರ ಬೇಕು ಎಂದೆ. ಆತ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದ.

"ದುಲ್ಹಾಗ ಶೇರ್ವಾನಿ ಹೊಲ್ದೀನಿ, ಪೊಲೀಸ್ರಿಗಿ ಖಾಕಿ ಹೊಲ್ದೀನಿ. ಕರಡಿ ನಾಪ ತಗೊಳ್ಳೋದು ಇದೇ ಪೈಲಾ ನೋಡ್ ಬೇಟಿ. ಜೇಬು ಇಡಲೇನು?"

"ಕರಡಿಗಿ ಜೇಬ್ಯಾಕ್ರಿ ಚಾಚಾ?"

"ಕರಡಿಗಲ್ಲ, ನಿಂಗ. ಎಲಿ ಅಡಿಕಿ ಎಲ್ಲಿ ಇಟ್ಕೊಂತಿ?"

ಆತ ಹೇಳಿದ್ದು ಖರೇ ಇತ್ತು. ಜೇಬು ಇಡಿಸಿದೆ.

ಮೊದಲ ದಿನ ಆ ವೇಷದಲ್ಲಿ ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಯಲಿನಲ್ಲಿ ಹೊರಟೆ. ಉಗುರು ಕಂಬಳಿ ದಾಟಿ ನನ್ನ ಬೆನ್ನಿಗೂ ತಾಕುತ್ತಿತ್ತು. ಬೈಯುವಂತಿಲ್ಲ. ಅದೇ ಹೊತ್ತಿಗೆ ಕೂಲಿಗೆ ಹೊರಟ ಹೆಂಗಸರು ಬೇಲಿಯಾಚೆ ನಿಂತರು. ನಾನು ಬಳೆ ತೆಗೆಯುವುದನ್ನು ಮರೆತಿದ್ದೆ. ಸಂಜೆಯೊಳಗೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತ್ತು: ಗುಡ್ಡಕ್ಕೆ ಹಸಿರು ಬಳೆ ಇಟ್ಟುಕೊಂಡ ಕರಡಿ ಬಂದಿದೆ, ಯಾರೋ ಮುತ್ತೈದೆ ಹೀಗೆ ಹುಟ್ಟಿ ಬಂದಿರಬೇಕು ಎಂದು. ಶಹಾಪುರದಿಂದ ಒಬ್ಬಾಕೆ ಉಡಿ ತುಂಬಲು ಬಂದಳು. ನನ್ನ ಗಂಡ ಆಕೆಯನ್ನು ಬೇಲಿಯ ಹೊರಗೇ ನಿಲ್ಲಿಸಿ ಚಹಾ ಕುಡಿಸಿ ಕಳಿಸಿದ.

ಮಾತಿಲ್ಲದೆ ಬದುಕುವುದನ್ನು ಹೇಗೆ ಹೇಳಲಿ. ನಾವು ಸನ್ನೆ ಕಲಿತೆವು. ಉಪ್ಪು ಬೇಕು, ನೀರು ಬಂತು ಎಂಬುದಕ್ಕೆಲ್ಲ ಕೈ ಸಾಕಾಗುತ್ತದೆ, ಆದರೆ ಕೈಯಲ್ಲಿ ಜಗಳವಾಡುವುದು ಬಲು ಕಷ್ಟ; ಒಳ್ಳೊಳ್ಳೆ ಬೈಗುಳಗಳಿಗೆ ಸನ್ನೆಯೇ ಇಲ್ಲ. ಹೊಟ್ಟೆ ಉಬ್ಬರಿಸಿದಾಗ ನಾನೂ ಅತ್ತೆಯೂ ಕಾಲುವೆ ದಂಡೆಗೆ ಹೋಗಿ ಉಳಿದ ಮಾತನ್ನೆಲ್ಲ ಆಡಿ ಮುಗಿಸಿ, ಒಬ್ಬರಿಗೊಬ್ಬರು ಕೈ ಹಿಡಿದು ದಂಡೆ ಇಳಿಸಿಕೊಂಡು ವಾಪಸು ಬರುತ್ತಿದ್ದೆವು.

ಜನರನ್ನು ತಡೆಯುವುದು ಇನ್ನೂ ಕಷ್ಟ. ಕರಡಿಯ ಕೂದಲು ತಾಯಿತದಲ್ಲಿ ಕಟ್ಟಿದರೆ ಕೂಸಿನ ಅಂಜಿಕೆ ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ತಾಯಂದಿರೂ ಬಂದರು. ನನ್ನ ಗಂಡ ಕೈ ಮುಗಿದು ಕಳಿಸುತ್ತಿದ್ದ. ಅವರು ಹಿತ್ತಲ ಕಡೆ ಸುತ್ತಿ ಬಂದರೆ ಅತ್ತೆ ಏನನ್ನೋ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ನನ್ನ ವೇಷದ ತೋಳು ದಿನದಿಂದ ದಿನಕ್ಕೆ ಬೋಳಾಗುವುದನ್ನು ಕಂಡು ನನಗೆ ವಿಷಯ ತಿಳಿಯಿತು. ಕಾಲುವೆ ದಂಡೆಯಲ್ಲಿ ವಿಚಾರಣೆ ನಡೆಯಿತು.

"ಅದು ಕುರಿ ಕೂದ್ಲಾ ಅತ್ತಿ! ಕರಡೀದಲ್ಲ!"

"ಕೂಸು ಈಗ ಅಂಜೂದಿಲ್ಲಂತ. ಕುರೀದಾದ್ರೇನು, ಕರಡೀದಾದ್ರೇನು? ಕೂಸಿಗೇನು ಗೊತ್ತಾಕ್ಕತೇನು?"

ನಾನು ವೇಷವನ್ನು ಮತ್ತೆ ರಂಗಂಪೇಟೆಗೆ ಒಯ್ದೆ. ಚಾಚಾ ತೋಳಿಗೆ ಹೊಸ ತೇಪೆ ಹಾಕಿಕೊಟ್ಟ.

ಜೋಳದ ಅಂಬಲಿ, ಹಾಲು, ಬೋರೆ ಹಣ್ಣು, ಸೀತಾಫಲ ತಿಂದು ಮರಿಗಳು ಬೆಳೆದವು. ಆದರೆ ಕರಡಿಗೆ ಮುಖ್ಯ ಊಟ ಹುತ್ತದೊಳಗಿನ ಗೆದ್ದಲು. ಹುತ್ತ ಒಡೆದು, ಮೂತಿ ಒಳಗಿಟ್ಟು ಮೊದಲು ಫೂ ಎಂದು ಮಣ್ಣು ಊದಬೇಕು, ಆಮೇಲೆ ಸೊರ್ ಎಂದು ಹುಳುಗಳನ್ನು ಒಳಗೆಳೆಯಬೇಕು. ಬೇಸಗೆಯಲ್ಲಿ ಗುಡ್ಡದಲ್ಲಿ ಬೇರೇನೂ ಸಿಗುವುದಿಲ್ಲ. ಇದು ಬಾರದಿದ್ದರೆ ಉಪವಾಸವೇ ಗತಿ. ಇದನ್ನು ನೀವೇ ಮಾಡಿ ತೋರಿಸಿ ಎಂದು ಡಾಕ್ಟರು ಹೇಳಿಕಳಿಸಿದ್ದರು. ಬಯಲಿನಲ್ಲಿ ಮಣ್ಣು ಗುಡ್ಡೆ ಹಾಕಿ ನಾನು ಊದಿದೆ. ಮಣ್ಣು ಕಣ್ಣಿಗೆ ಬಂತು. ಎಳೆದೆ, ಬಾಯಿಗೆ ಬಂತು. ಮರಿಗಳು ನೆಂಟರ ಹಾಗೆ ಕೂತು ನೋಡಿದವು.

ಆಗ ಗೋಡೆಯಾಚೆಯಿಂದ ಒಂದು ಸದ್ದು ಬಂತು. ಫೂ... ಸೊರ್ರ್. ಫೂ... ಸೊರ್ರ್. ಎರಡೂ ಮರಿಗಳ ಕಿವಿ ನಿಮಿರಿದವು. ದೊಡ್ಡಾಕಿ ಎದ್ದು ಗೋಡೆಯತ್ತ ಹೋಗಿ, ತುಟಿ ಮುಂದೆ ಮಾಡಿ ತಾನೂ ನೆಲಕ್ಕೆ ಫೂ ಎಂದಳು. ಅತ್ತೆ ಚಹಾವನ್ನು ಬಸಿಗೆ, ಅಂದರೆ ಕಪ್ಪಿನ ಕೆಳಗಿನ ತಟ್ಟೆಗೆ ಸುರುವಿ ಊದಿ ಊದಿ ಕುಡಿಯುತ್ತಿದ್ದಳು. ಆಕೆ ಚಹಾ ಕುಡಿದರೆ ದಾರಿಯಲ್ಲಿ ಹೋಗುವವರಿಗೂ ಕೇಳುತ್ತದೆ, ಆ ಸದ್ದಿನ ಮೇಲೆ ನಾವಿಬ್ಬರೂ ಎಷ್ಟೋ ಸಲ ಮುಖ ತಿರುಗಿಸಿಕೊಂಡಿದ್ದೆವು. ಅಂದಿನಿಂದ ಆಕೆ ದಿನಾ ಮುಂಜಾನೆ, ಸಂಜೆ ಗೋಡೆಯ ಈಚೆ ಕೂತು ಪಾಠ ಹೇಳಿದಳು. ಎರಡೆರಡು ಬಸಿ ಚಹಾ ಹೆಚ್ಚಾಯಿತು, ಇಲಾಖೆಯ ಕೆಲಸ ಎಂದು ಬೇರೆ ಹೇಳಿಕೊಂಡಳು.

ಊದುವುದೂ ಎಳೆಯುವುದೂ ಬಂತು. ಇನ್ನು ನಿಜವಾದ ಹುತ್ತ ಬೇಕು. ಇಲ್ಲೇ ಅತ್ತೆ ತಿರುಗಿಬಿದ್ದಳು.

"ಹುತ್ತಕ್ಕ ಕೈ ಹಚ್ಚಿದ್ರ ಈ ಮನ್ಯಾಗ ನಾ ಇರೂದಿಲ್ಲ. ಹುಟ್ಟಿದಾಗಿಂದ ಹಾಲೆರದೀನಿ ಅದಕ್ಕ. ಈಗ ಮುದುಕಿಯಾದ ಮ್ಯಾಲ ಕರಡಿ ಕಟಗೊಂಡು ಕೆಡವಾಕ ಹೋಗಲೇನು?"

ಪೂಜೆಯಿಲ್ಲದ ಹುತ್ತ ಹುಡುಕೋಣ ಎಂದು ನನ್ನ ಗಂಡ ಉಪಾಯ ತೆಗೆದ. ಅದಕ್ಕೆ ಆಕೆ ಒಪ್ಪಿದಳು. ಗುಡ್ಡದ ಬುಡದಲ್ಲಿ, ಯಾರೂ ತಿರುಗಿ ನೋಡದ ಕಡೆ ಒಂದು ಹುತ್ತ ಸಿಕ್ಕಿತು. ಅರಿಷಿಣವಿಲ್ಲ, ಕುಂಕುಮವಿಲ್ಲ. ಮರಿಗಳಿಗೆ ವಾಸನೆ ಹಿಡಿಸಲೆಂದು ನಾನು ವೇಷ ಹಾಕಿಕೊಂಡು ಅದರ ಸುತ್ತ ನಾಲ್ಕು ಕಾಲಲ್ಲಿ ಸುತ್ತಿದೆ, ಅವು ಹಿಂದೆ ಬಂದವು. ನಾಳೆ ಒಡೆಯೋಣ ಎಂದು ಮರಳಿದೆವು. ಮರುದಿನ ಹೋದರೆ ಹುತ್ತಕ್ಕೆ ಅರಿಷಿಣ ಬಳಿದು, ಹೂ ಏರಿಸಿ, ಕಾಯಿ ಒಡೆದಿತ್ತು. ಕುರಿ ಕಾಯುವವನೊಬ್ಬ ದೂರದಿಂದ ನಮ್ಮನ್ನು ನೋಡಿದ್ದನಂತೆ. ಬಳೆ ಇಟ್ಟ ಕರಡಿಯೇ ಮಕ್ಕಳನ್ನು ಕರೆದುಕೊಂಡು ಪ್ರದಕ್ಷಿಣೆ ಹಾಕಿತೆಂದ ಮೇಲೆ ಆ ಹುತ್ತಕ್ಕೆ ಶಕ್ತಿ ಇರಲೇಬೇಕಲ್ಲ. ಇನ್ನೊಂದು ಹುತ್ತ ಹುಡುಕಿದೆವು. ಅದಕ್ಕೂ ಮರುದಿನ ಕುಂಕುಮ. ನಾವು ಹೋದಲ್ಲೆಲ್ಲ ದೇವರು ಹುಟ್ಟತೊಡಗಿದರು. ಗುಡ್ಡದ ಬುಡದಲ್ಲಿ ಪೂಜೆಯಿಲ್ಲದ ಹುತ್ತವೇ ಉಳಿಯಲಿಲ್ಲ. ಬಾಡಿಗೆ ಆಟೋ ಮಾಡಿಕೊಂಡು ಸೈದಾಪುರದಿಂದ ಬಂದವರೊಬ್ಬರು, ಇವುಗಳಲ್ಲಿ ಮಕ್ಕಳಾಗುವ ಹುತ್ತ ಯಾವುದು ಎಂದು ನನ್ನನ್ನೇ ಕೇಳಿದರು.

ಕೊನೆಗೆ ಉಳಿದದ್ದು ನಮ್ಮ ಬೇಲಿಯೊಳಗಿನ ಮೂಲೆಯ ಹುತ್ತ. ಅದಕ್ಕೆ ಅತ್ತೆಯೇ ಪೂಜೆ ಮಾಡುತ್ತಿದ್ದಳು. ಕರಡಿಗಳು ಪಂಜರಕ್ಕೆ ಹೋಗುತ್ತವೆ ಎಂದು ನಾನು ಕಾಲುವೆ ದಂಡೆಯಲ್ಲಿ ಕೂತು ಕಣ್ಣೀರು ಹಾಕಿದೆ. ನಾಟಕವಲ್ಲ, ಖರೇನೇ ಅಳು ಬಂದಿತ್ತು. ಆಕೆ ಎದ್ದು ಸೀರೆ ಕೊಡವಿಕೊಂಡು, "ಅಪ್ಪಣಿ ಕೇಳ್ತೀನಿ" ಎಂದಳು. ಹುತ್ತದ ಎಡಕ್ಕೂ ಬಲಕ್ಕೂ ಒದ್ದೆ ಹೂ ಅಂಟಿಸುವುದು; ಬಲದ ಹೂ ಮೊದಲು ಬಿದ್ದರೆ ದೇವರು ಹೂಂ ಎಂದ ಹಾಗೆ, ಎಡದ್ದು ಬಿದ್ದರೆ ಇಲ್ಲ ಎಂದ ಹಾಗೆ.

ಮರುದಿನ ಮುಂಜಾನೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಆಕೆ ಹೂ ಅಂಟಿಸಿ ಕೈಮುಗಿದು ಕೂತಳು. ನಾನು ವೇಷದಲ್ಲಿ ಮರಿಗಳೊಂದಿಗೆ ಆಚೆ ಮೂಲೆಯಲ್ಲಿದ್ದೆ. ಹೂ ಬೀಳಲಿಲ್ಲ. ಬಿಸಿಲೇರಿತು. ಹಸಿ ಮಣ್ಣಿಗೆ ಹೂ ಸರಿಯಾಗಿ ಕಚ್ಚಿಕೊಂಡಿದ್ದವು. ನನ್ನ ಗಂಡ ಮರೆಯಲ್ಲಿ ನಿಂತು ಬಾಯಿಂದ ಗಾಳಿ ಊದಿ ನೋಡಿದ, ಬಲದ್ದೂ ಅಲುಗಲಿಲ್ಲ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂದು ಗಾದೆಯಲ್ಲಿ ಕೇಳಿದ್ದೆವಷ್ಟೆ. ದೊಡ್ಡಾಕಿ ಒಮ್ಮೆಲೇ ನನ್ನ ಬಗಲಿನಿಂದ ನುಸುಳಿ ಓಡಿದಳು. ಅತ್ತೆಯ ಪಕ್ಕದಲ್ಲೇ ಹಾದು, ಎರಡು ಕೈಯಿಂದ ಹುತ್ತದ ಬಲಮಗ್ಗುಲನ್ನು ಹಿಡಿದು ಕೆಳಗೆಳೆದಳು. ಮಣ್ಣು, ಹೂ, ಗೆದ್ದಲು ಎಲ್ಲ ಒಟ್ಟಿಗೇ ಉರುಳಿತು. ಮೂತಿ ಒಳಗಿಟ್ಟು ಫೂ ಎಂದಳು, ಸೊರ್ರ್ ಎಂದಳು.

"ಬಲಕ್ಕ ಬಿತ್ತು!" ಅತ್ತೆ ಕಾನೂನು ಮರೆತು ಕಿರುಚಿದಳು. "ಬಲಕ್ಕ ಬಿತ್ತೋ ಮಗನಽ!"

"ಯವ್ವಾ, ಹುತ್ತಽ ಬಿತ್ತು."

"ಮೊದಲ ಬಿದ್ದದ್ದು ಯಾವ ಹೂ, ಅದನ್ನ ಹೇಳು!"

ಪುಣ್ಯಕ್ಕೆ ಒಳಗೆ ಹಾವಿರಲಿಲ್ಲ. ಸಂಜೆಯ ಹೊತ್ತಿಗೆ ಅತ್ತೆ ಹೊಸ ಧರ್ಮಶಾಸ್ತ್ರ ಕಟ್ಟಿದ್ದಳು: ಹುತ್ತ ಕಟ್ಟಿದವರು ಗೆದ್ದಲು, ನಾಗಪ್ಪ ಆಮೇಲೆ ಬಂದು ಇರುವವನು, ಆತ ಬರುವ ಮೊದಲು ಅದು ಬರೀ ಹುಳದ ಮನೆ. ಅಷ್ಟರ ಮೇಲೆ ನಮಗೆ ಹುತ್ತಗಳ ಅಭಾವ ಆಗಲಿಲ್ಲ.

ದೊಡ್ಡಾಕಿ ಗೆದ್ದಳು. ಸಣ್ಣಾವನ ಚಿಂತೆ ಉಳಿಯಿತು. ಆತ ಅಕ್ಕ ಒಡೆದ ಹುತ್ತದಲ್ಲಿ ಮೂತಿಯಿಡುವನು, ತಾನು ಮಣ್ಣಿಗೆ ಉಗುರು ತಾಕಿಸುವವನಲ್ಲ. ಹಸಿವಾದರೆ ಗೋಡೆಯ ಬಳಿ ಬಂದು ಅತ್ತೆಯ ಬಸಿ ಸದ್ದಿಗೆ ಕಾಯುವನು. ಆಕೆಗೆ ಅದೇ ಹೆಮ್ಮೆ. ಮರುವರ್ಷ ಮಳೆ ಹಿಡಿದು ಡಾಕ್ಟರು ಬಂದಾಗ ದೊಡ್ಡಾಕಿ ಅವರನ್ನು ಕಂಡು ಹಲ್ಲು ಮಸೆದು ಬಂಡೆಯ ಹಿಂದೆ ಓಡಿದಳು, ಅವರು ಶಹಭಾಸ್ ಎಂದರು. ಸಣ್ಣಾವ ಗೋಡೆಗೆ ಬಂದು ಅವರಿಗೇ ಸೊರ್ರ್ ಎಂದು ಚಹಾ ಕೇಳಿದ. ಡಾಕ್ಟರು ನಗಲಿಲ್ಲ.

"ಹುಡುಗಿಯನ್ನ ಇವತ್ತೇ ಒಳಗುಡ್ಡಕ್ಕೆ ಬಿಡೋಣ. ಇವನಿಗೆ ಶ್ರಾವಣ ಮುಗಿಯೋವರೆಗೂ ಟೈಮ್ ಕೊಡ್ತೀನಿ. ನೀವು ಯಾರೂ ಹತ್ತಿರ ಹೋಗ್ಬೇಡಿ. ಕಂಬಳಿ ಬೇಡ, ಹಾಲು ಬೇಡ, ಆ ಸದ್ದೂ ಬೇಡ. ಹಸಿವೇ ಕಲಿಸ್ಬೇಕು. ಕಲೀಲಿಲ್ಲ ಅಂದ್ರೆ ಗಾಡಿ ತರ್ತೀನಿ."

ದೊಡ್ಡಾಕಿ ಜೀಪಿನಲ್ಲಿ ಹೋದಳು. ಬಾಗಿಲು ತೆಗೆದೊಡನೆ ಹಾರಿ ಓಡಿದಳೆಂದು ನನ್ನ ಗಂಡ ಬಂದು ಹೇಳಿದ. ಸಣ್ಣಾವ ದಿನಾ ಬೇಲಿಯುದ್ದಕ್ಕೂ ಅಳುತ್ತ ಓಡಾಡುತ್ತಿದ್ದ; ಮಳೆಗೆ ಎದ್ದ ಹುಳ, ಉದುರಿದ ಹಣ್ಣು ಹೆಕ್ಕಿ ತಿಂದು ಹೇಗೋ ಜೀವ ಹಿಡಿದಿದ್ದ. ನಾನು ವೇಷವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಕೂತೆ, ಇಲ್ಲದಿದ್ದರೆ ಹಾಕಿಕೊಂಡು ಓಡುತ್ತಿದ್ದೆನೇನೋ. ಅತ್ತೆ ಮನೆಯಲ್ಲಿ ಚಹಾ ಬಿಟ್ಟಳು. ಕುಡಿಯಬೇಕೆನಿಸಿದರೆ ರಂಗಂಪೇಟೆಯವರೆಗೆ ನಡೆದುಹೋಗಿ ಚಾಚಾನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕುಡಿದು ಬರುತ್ತಿದ್ದಳು. ಅಲ್ಲೂ ಬಸಿಗೆ ಹಾಕದೆ ಕಪ್ಪಿನಲ್ಲೇ, ಸದ್ದಿಲ್ಲದೆ ಕುಡಿಯುತ್ತಾಳೆ, ನಿಮ್ಮತ್ತೆಗೆ ಆರಾಮಿಲ್ಲವೇ ಎಂದು ಚಾಚಾ ನನ್ನನ್ನು ಕೇಳಿದ.

ನಾಗರ ಪಂಚಮಿಗೆ ಇನ್ನೇನು ಎರಡು ದಿನ ಎನ್ನುವಾಗ ಅಳು ನಿಂತಿತು. ನಾವು ಓಡಿ ನೋಡಿದರೆ ಬಯಲು ಖಾಲಿ. ಬೇಲಿಯ ಬುಡದಲ್ಲಿ ದೊಡ್ಡ ತಗ್ಗು. ಸಣ್ಣಾವ ಹುಟ್ಟಿದ ಮೇಲೆ ತಾನಾಗಿ ಅಗೆದದ್ದು ಅದೇ ಮೊದಲು, ಅದೂ ನಮ್ಮಿಂದ ತಪ್ಪಿಸಿಕೊಳ್ಳಲು. ಸಂತೋಷಪಡಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಊರ ಕಡೆ ಇಳಿದರೆ ಬಡಿಗೆ, ಸಿಕ್ಕಿಬಿದ್ದರೆ ಪಂಜರ, ಗುಡ್ಡ ಹತ್ತಿದರೆ ಉಪವಾಸ. ನನ್ನ ಗಂಡ ಗುಡ್ಡವನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದ. ಮನೆಯಲ್ಲಿ ಮಾತಾಡಬಹುದಾಗಿತ್ತು ಈಗ, ಕಾನೂನೇನೂ ಉಳಿದಿರಲಿಲ್ಲ. ಆದರೂ ಉಪ್ಪು ಬೇಕಾದಾಗ ನಾವು ಕೈಸನ್ನೆಯಲ್ಲೇ ಕೇಳಿದೆವು.

ಪಂಚಮಿಯ ದಿನ ಮುಂಜಾನೆ ರಂಗಂಪೇಟೆಯ ಹೆಂಗಸರು ಹಾಲಿನ ಗಿಂಡಿ ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದರು. ಮುಂದೆ ಇದ್ದಾಕೆ ಅತ್ತೆಯ ವಾರಿಗೆಯವಳು, ಬಾಯಿಯಲ್ಲೂ ಆಕೆಗೆ ಸಮನಾದವಳು.

"ನಿಮ್ಮ ಕರಡಿ ನಮ್ಮ ಹುತ್ತ ಕೆಡವ್ಯದವ್ವಾ! ಹಬ್ಬದ ದಿನಽ! ಹಾಲು ಎಲ್ಲಿ ಎರೀಬೇಕು ನಾವು, ನಿನ್ನ ತಲಿ ಮ್ಯಾಲ ಎರೀಲೇನು?"

ಅತ್ತೆ ಚಪ್ಪಲಿ ಕೂಡ ಮೆಟ್ಟದೆ ಓಡಿದಳು. ಹಿಂದೆ ನಾನು, ನನ್ನ ಹಿಂದೆ ಗಿಂಡಿ ಹಿಡಿದ ಹೆಂಗಸರೆಲ್ಲ. ಗುಡ್ಡದ ಬುಡದ ದೊಡ್ಡ ಹುತ್ತ, ಅರಿಷಿಣ ಬಳಿದದ್ದು, ಅರ್ಧಕ್ಕೆ ಒಡೆದು ಬಿದ್ದಿತ್ತು. ಉಗುರಿನ ಗೀರು ಹಸಿಯಾಗಿದ್ದವು. ಹುತ್ತದ ಬಾಯಿಯ ಸುತ್ತ ಊದಿದ ಪುಡಿಮಣ್ಣು ಹರಡಿತ್ತು. ದೊಡ್ಡಾಕಿಯನ್ನು ಬಿಟ್ಟದ್ದು ಎಲ್ಲೋ ದೂರದ ಒಳಗುಡ್ಡದಲ್ಲಿ, ಇದು ಆಕೆಯ ಕೆಲಸವಾಗಿರಲಾರದು. ನಾನು ಆ ಮಣ್ಣಿನಲ್ಲೇ ಕೂತು ಅಳತೊಡಗಿದೆ. ಹೆಂಗಸರು, ಪಾಪ ಈಕೆಗೆ ಭಕ್ತಿ ಬಹಳ ಎಂದುಕೊಂಡರು.

"ಅಲ್ಲಿ ನೋಡ್ರಿ!" ಎಂದು ಯಾರೋ ಕೂಗಿದರು. ಮೇಲಿನ ಬಂಡೆಗಳ ನಡುವೆ ಸಣ್ಣಾವ ನಿಂತಿದ್ದ, ಮೂತಿಯೆಲ್ಲ ಮಣ್ಣು. ನಮ್ಮ ಗುಂಪು ನೋಡಿದ, ಗದ್ದಲ ಕೇಳಿದ, ತಿರುಗಿ ಬಂಡೆ ಹತ್ತಿ ಓಡಿದ. ಅತ್ತೆಯ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು ಎಂದು ಗೊತ್ತಿದ್ದರೂ ನನಗೆ ಬಹಳ ಸಂಕಟವಾಯಿತು.

ಅಷ್ಟರಲ್ಲಿ ಆ ವಾರಿಗೆಯವಳು, ಉಳಿದರ್ಧ ಹುತ್ತಕ್ಕಾದರೂ ಎರೆಯೋಣ ಎಂದು ಗಿಂಡಿ ಎತ್ತಿದಳು.

"ಹಾಲು ಹಾಕಬ್ಯಾಡ್ರಿ!" ಎಂದು ನಾನು ಜಿಗಿದೆದ್ದೆ. ಸಣ್ಣಾವನಿಗೆ ಹಾಲಿನ ರುಚಿ ಗೊತ್ತು. ಇಲ್ಲಿ ಹಾಲು ಸಿಗುತ್ತದೆಂದು ಕಂಡರೆ ನಾಳೆಯೂ ಬರುತ್ತಾನೆ, ನಾಡಿದ್ದು ಊರೊಳಗೆ ಇಳಿಯುತ್ತಾನೆ.

"ಪಂಚಮಿ ದಿನ ಹುತ್ತಕ್ಕ ಹಾಲು ಬ್ಯಾಡನ್ನಾಕ ನೀ ಯಾರು?" ಆಕೆ ನನ್ನನ್ನು ಬಿಟ್ಟು ಅತ್ತೆಯತ್ತ ತಿರುಗಿದಳು. "ನಿನ್ನ ಸೊಸಿಗಿ ಬುದ್ಧಿ ಹೇಳವ್ವಾ. ನೀನರ ಹೇಳು, ಎರೀಬೇಕೋ ಬ್ಯಾಡೋ?"

ಅತ್ತೆಗೆ ಸಂಕಟ ಎಷ್ಟಿತ್ತೆಂದು ಆ ಮುಖ ನೋಡಿದವಳಿಗೇ ಗೊತ್ತು. ಹುಟ್ಟಿದಾಗಿನಿಂದ ಎರೆದ ಹಾಲು ಅದು. ಆಕೆ ಒಡೆದ ಹುತ್ತಕ್ಕೆ ಹಣೆ ಹಚ್ಚಿ ಎದ್ದು, ಅದಕ್ಕೂ ಹೆಂಗಸರಿಗೂ ನಡುವೆ ನಿಂತಳು.

"ಬ್ಯಾಡ. ಈ ವರ್ಷ ಗುಡ್ಡದ ಹುತ್ತಕ್ಕ ಯಾರೂ ಎರೀಬ್ಯಾಡ್ರಿ. ಮನ್ಯಾಗ ಮಣ್ಣಿನ ನಾಗಪ್ಪನ್ನ ಮಾಡ್ರಿ. ನಾಗಪ್ಪಗ ನಮ್ಮ ಮನಿ ದಾರಿ ಗೊತ್ತದ, ಬರ್ತಾನ. ಈ ಹುಡುಗಗ ಮಾತ್ರ ಗೊತ್ತಾಗಬಾರದು."

ಬೇರೆ ಯಾರು ಹೇಳಿದ್ದರೂ ಕೇಳುತ್ತಿರಲಿಲ್ಲ. ಆಕೆಯ ಬಾಯಿಂದ ಆ ಮಾತು ಬಂದದ್ದಕ್ಕೇ ಬೆಪ್ಪಾಗಿ, ಗೊಣಗುತ್ತ ಒಬ್ಬೊಬ್ಬರೇ ಗಿಂಡಿ ಮುಚ್ಚಿಕೊಂಡು ಮರಳಿದರು.

ಮನೆಗೆ ಬಂದು ಅತ್ತೆ ಮಣ್ಣು ಕಲಸಿ ನಾಗಪ್ಪನನ್ನು ಮಾಡಿ ದೇವರ ಜಗುಲಿಯ ಮೇಲೆ ಕೂರಿಸಿದಳು. ನಮ್ಮ ಕಡೆ ಒಬ್ಬೊಬ್ಬರ ಪಾಲು ಹೇಳಿ ಒಂದೊಂದು ಹನಿ ಎರೆಯುವುದು ಪದ್ಧತಿ. ಆಕೆ ಶುರು ಮಾಡಿದಳು. ಅಪ್ಪನ ಪಾಲು, ಅವ್ವನ ಪಾಲು. ಮಗನ ಪಾಲು. ಸೊಸಿ ಪಾಲು. ಪ್ರತಿ ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಆಕೆ, "ದೊಡ್ಡಾಕಿ ಪಾಲು" ಎಂದು ಒಂದು ಹನಿ ಬಿಟ್ಟಳು. "ಸಣ್ಣಾವನ ಪಾಲು" ಎಂದು ಗಿಂಡಿಯಲ್ಲಿ ಉಳಿದಿದ್ದನ್ನೆಲ್ಲ ಸುರಿದುಬಿಟ್ಟಳು.

ನನ್ನ ಗಂಡ ಮೆಲ್ಲಗೆ, "ಯವ್ವಾ, ಅವಗ ಹಾಲು ಕೊಡಬಾರದಂತ ಡಾಕ್ಟರ್ ಹೇಳ್ಯಾರಲ್ಲ" ಎಂದ.

"ಗೊತ್ತದೋ. ಅದಕ್ಕಽ ಇಲ್ಲಿ ಎರದೀನಿ" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.